ದಾರಿಯಲ್ಲಿ ಪಂಕ್ಚರು

ಮೋಟಾರು ಸೈಕಲ್ಲನ್ನೇರಿ ಹೊರಟವನಿಗೆ ಒದಗುವ ವಿಘ್ನಗಳಲ್ಲಿ ಪಂಕ್ಚರಿನಷ್ಟು ಅಲ್ಪವಾದುದೂ ಅದರಷ್ಟು ಕಾಡತಕ್ಕದ್ದೂ ಬೇರೊಂದಿಲ್ಲ. ಬೆಲ್‌ಫಾಸ್ಟ್ ನಗರದ ಪಶುವೈದ್ಯನಾದ ಜಾನ್ ಬಾಯ್ಡ್ ಡನ್‌ಲಪ್ ಎಂಬಾತನು ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರಿನ ಟಯರನ್ನು ಅಳವಡಿಸಿ, 1888ರಲ್ಲಿ ಅದಕ್ಕೆ ಪೇಟೆಂಟು ಪಡೆದನು. ಸವಾರರ ಮೈನೋವು ತಗ್ಗಿತು. ಮುಳ್ಳಿನ ಭಯ ಹುಟ್ಟಿತು. ಈ ಭಯಕ್ಕೆ ಮದ್ದೇನೆಂಬುದನ್ನು ನಾವು ಕಲಿತ ಬಗೆಯನ್ನು ವಾಚಕರಲ್ಲಿ ಅರಿಕೆ ಮಾಡುತ್ತೇವೆ.

ಬೇಸಗೆಯ ಒಂದು ಮಧ್ಯಾಹ್ನ ನಾವು ಹಿರಿಯೂರನ್ನು ಬಿಟ್ಟು ಚಳ್ಳಕೆರೆಯ ಕಡೆಗೆ ಹೊರಟಿದ್ದೆವು. ಅಲ್ಲಿಗೆ ಸಮೀಪದ ಹಳ್ಳಿಯಲ್ಲಿದ್ದ ನಮ್ಮ ಅತ್ತೆಯವರಿಗೆ ಮಧುಮೇಹ. ಅವರ ಇನ್ಸುಲಿನ್ ಮುಗಿದಿತ್ತು. ರಾತ್ರಿಯ ಊಟಕ್ಕೆ ಮೊದಲು ಚುಚ್ಚುಮದ್ದು ಆಗಲೇಬೇಕಾಗಿತ್ತು. ಸೆಖೆಗೆ ಕೆಡತಕ್ಕ ಔಷಧವಾದುದರಿಂದ ಸೀಸೆಯನ್ನು ಡಬ್ಬಿಯಲ್ಲಿಟ್ಟು, ಡಬ್ಬಿಗೆ ಒದ್ದೆಬಟ್ಟೆ ಸುತ್ತಿ, ಆಗಾಗ ನೀರು ಚಿಮುಕಿಸಿಕೊಂಡು ಹೋಗುತ್ತಿದ್ದೆವು.

ದಾರಿಯ ಇಕ್ಕೆಲದಲ್ಲಿಯೂ ಬಳ್ಳಾರಿ ಜಾಲಿ. ಇದ್ದಕ್ಕಿದ್ದಂತೆ ಹಿಂದಿನ ಗಾಲಿ ತೂಗಾಡತೊಡಗಿತು. ಥಟ್ಟನೆ ಬ್ರೇಕು ಹಿಡಿಯದೆ ವಾಹನವನ್ನು ಮೆಲ್ಲನೆ ಅಂಚಿಗೆ ತಂದು, ಗಟ್ಟಿನೆಲದ ಮೇಲೆ ಸ್ಟ್ಯಾಂಡಿಗೇರಿಸಿದೆವು. ಬ್ರೇಕಿನ ಸರಳನ್ನೂ ಚೈನನ್ನೂ ಬಿಡಿಸಿ, ಗಾಲಿಯನ್ನು ಕಳಚಿ, ಉಳಿದ ಗಾಳಿಯನ್ನೆಲ್ಲ ಹೊರಬಿಟ್ಟೆವು. ಟಯರಿನ ಅಂಚನ್ನು ಕಾಲಿನಿಂದ ತುಳಿದು ರಿಮ್ಮಿನ ನಡುವಣ ತಗ್ಗಿಗೆ ಇಳಿಸಿದರೆ ಎದುರು ಬದಿ ಸಡಿಲವಾಗುತ್ತದೆ. ಆಗ ವಾಲ್ವಿನ ಬಳಿಯಿಂದ ತೊಡಗಿ, ಚಪ್ಪಟೆಯಾದ ಎರಡು ಸನ್ನೆಗೋಲುಗಳಿಂದ ಒಂದು ಬದಿಯ ಅಂಚನ್ನು ಅಂಗುಲ ಅಂಗುಲವಾಗಿ ಎಬ್ಬಿಸಿ ಟ್ಯೂಬನ್ನು ಎಳೆಯಬೇಕು. ಅವಸರಪಟ್ಟರೆ ಆ ಕಬ್ಬಿಣವೇ ಟ್ಯೂಬನ್ನು ಹರಿಯುತ್ತದೆ.

ತೂತನ್ನು ಕಾಣಲು ಟ್ಯೂಬನ್ನು ನೀರಿನಲ್ಲಿ ಅದ್ದುವುದು ರೂಢಿ. ನಮ್ಮಲ್ಲಿದ್ದ ನೀರು ಔಷಧಕ್ಕೆ ಮೀಸಲು. ಆದುದರಿಂದ ಟ್ಯೂಬಿಗೆ ಗಾಳಿ ತುಂಬಿ, ತುಟಿಯ ಹತ್ತಿರ ಸರಿಸುತ್ತ ಬಂದೆವು. ಒಂದೆಡೆ ಸಣ್ಣ ಉಸಿರು ತಾಕಿತು. ಆ ಜಾಗವನ್ನು ಮರಳು ಕಾಗದದಿಂದ ಉಜ್ಜಿ, ಸಲ್ಯೂಷನ್ನನ್ನು ತೆಳುವಾಗಿ ಸವರಿ, ಅದು ಬೆರಳಿಗೆ ಅಂಟದಷ್ಟು ಆರಿದ ಮೇಲೆ ಪ್ಯಾಚನ್ನು ಒತ್ತಿದೆವು. ಹೊತ್ತು ಇಳಿಯುತ್ತಿದ್ದಿತು. ಆತುರದಿಂದ ಎಲ್ಲವನ್ನೂ ಜೋಡಿಸಿ ಹೊರಟೆವು. ಒಂದು ಮೈಲಿಯೂ ಸಾಗಿರಲಿಲ್ಲ. ಗಾಲಿ ಮತ್ತೆ ನೆಲಕಚ್ಚಿತು.

ನಾವು ತಲೆಯ ಮೇಲೆ ಕೈಹೊತ್ತು ಕುಳಿತಿರಲು, ಕಂಬಳಿ ಹೊದ್ದ ವೃದ್ಧ ಕುರಿಗಾಹಿಯೊಬ್ಬನು ಬಂದು ನಿಂತನು. ಸಂಗತಿಯನ್ನು ಕೇಳಿ, “ಮುಳ್ಳು ಕಿತ್ತಿದ್ರಾ, ಸ್ವಾಮಿ?” ಎಂದನು. ನಾವು ಉತ್ತರ ಕೊಡಲಿಲ್ಲ. “ಕುರಿ ಕಾಲಿಗೆ ಮುಳ್ಳು ಮುರಿದ್ರೆ ಮೊದ್ಲು ಮುಳ್ಳು ಕೀಳ್ತೀವಿ, ಆಮ್ಯಾಕೆ ಮದ್ದು” ಎಂದನು.

ಟಯರಿನ ಒಳಮೈಯಲ್ಲಿ ಬಟ್ಟೆಯನ್ನು ಸುತ್ತಲೂ ಆಡಿಸಿದೆವು. ಒಂದೆಡೆ ಅದು ಸಿಕ್ಕಿಕೊಂಡಿತು. ಹೊರಗಿನಿಂದ ಕಾಣದಂತೆ ಮುರಿದಿದ್ದ ಜಾಲಿಯ ಮುಳ್ಳು, ಎಳ್ಳಿನಷ್ಟು ಮೊನೆಯನ್ನು ಒಳಕ್ಕೆ ಚಾಚಿಕೊಂಡಿದ್ದಿತು. ಮುದುಕನು ತನ್ನ ಚಿಮಟದಿಂದ ಅದನ್ನು ಕಿತ್ತು ಅಂಗೈಮೇಲಿಟ್ಟು ತೋರಿಸಿದನು. ತನ್ನ ಬುರುಡೆಯ ನೀರನ್ನು ಔಷಧದ ಬಟ್ಟೆಗೂ ಎರೆದನು.

ಎರಡನೆಯ ಸಲ ಪ್ಯಾಚು ಹಾಕಿ, ಟ್ಯೂಬು ಮಡಿಕೆಯಾಗದಂತೆ ತುಸು ಗಾಳಿ ತುಂಬಿ ಒಳಗಿಟ್ಟು, ವಾಲ್ವಿನ ಎದುರು ಬದಿಯಿಂದ ಅಂಚನ್ನು ಕೂರಿಸುತ್ತ ಬಂದು ವಾಲ್ವಿನ ಬಳಿ ಮುಗಿಸಿದೆವು. ದೀಪ ಹಚ್ಚುವ ಹೊತ್ತಿಗೆ ಊರು ಸೇರಿದೆವು. ಅತ್ತೆಯವರು ಊಟಕ್ಕೆ ಕೂರದೆ ನಮ್ಮ ದಾರಿಯನ್ನೇ ನೋಡುತ್ತಿದ್ದರು.

ಇತ್ತೀಚಿನ ಅನೇಕ ಮೋಟಾರು ಸೈಕಲ್ಲುಗಳಿಗೆ ಟ್ಯೂಬೇ ಇಲ್ಲ. ಗಾಲಿಯನ್ನು ಕಳಚದೆ ರಬ್ಬರಿನ ಬತ್ತಿಯನ್ನು ತುರುಕಿ ತೂತು ಮುಚ್ಚುತ್ತಾರೆ. ಅಲ್ಲಿಯೂ ಮೊದಲು ಮೊಳೆಯನ್ನು ಕೀಳಲೇಬೇಕು. ಪ್ರಯಾಣ ಹೊರಡುವ ವಾಚಕರು ಪಂಪು, ಪಾನ, ಪ್ಯಾಚುಗಳೊಡನೆ ಆ ಕುರಿಗಾಹಿಯ ಮಾತನ್ನೂ ಜತೆಯಲ್ಲಿ ಒಯ್ಯಲಿ ಎಂಬುದೇ ನಮ್ಮ ವಿನಂತಿ.