ಮುಂಬೈ ಮಳೆಗೆ ಸೆಕೆಂಡ್ ಹ್ಯಾಂಡ್ ಕಾರು: ನೀರಲ್ಲಿ ಮುಳುಗಿ ಎದ್ದ ಕಾರನ್ನು ಪತ್ತೆ ಮಾಡುವುದು ಹೇಗೆ?

ಮಳೆಗಾಲ ಮುಗಿಯುತ್ತಾ ಬಂದಂತೆ ಮುಂಬೈನ ಸೆಕೆಂಡ್ ಹ್ಯಾಂಡ್ ಕಾರು ಮಾರುಕಟ್ಟೆಗೆ ಕಳೆ ಬರುತ್ತದೆ. ಗಣೇಶ ಚತುರ್ಥಿ, ದಸರಾ, ದೀಪಾವಳಿ ಒಂದರ ಹಿಂದೊಂದು ಬರುವ ಈ ದಿನಗಳಲ್ಲಿ ಕೊಳ್ಳುವವರೂ ಹೆಚ್ಚು, ಮಾರುವವರೂ ಹೆಚ್ಚು. ತೊಳೆದು ಪಾಲಿಶ್ ಹಾಕಿ ಸಾಲಾಗಿ ನಿಲ್ಲಿಸಿದ ಆ ಕಾರುಗಳಲ್ಲಿ ಕೆಲವು ಜುಲೈ, ಆಗಸ್ಟ್‌ನಲ್ಲಿ ಸೀಟಿನ ಮಟ್ಟದವರೆಗೆ ನೀರಿನಲ್ಲಿ ನಿಂತವೂ ಇರಬಹುದು. ಮಾಡೆಲ್ ಹೊಸದು, ಓಡಿದ ಕಿಲೋಮೀಟರ್ ಕಡಿಮೆ, ಬೆಲೆ ಅದಕ್ಕಿಂತ ಕಡಿಮೆ. ಕೊಂಡ ಕೆಲವೇ ತಿಂಗಳಲ್ಲಿ ಪವರ್ ವಿಂಡೋ ಕೈಕೊಡುತ್ತದೆ, ಡ್ಯಾಶ್‌ಬೋರ್ಡ್‌ನಲ್ಲಿ ಏರ್‌ಬ್ಯಾಗ್ ದೀಪ ಉರಿಯುತ್ತದೆ, ಗ್ಯಾರೇಜ್ ಬಿಲ್ ಬೆಳೆಯುತ್ತಾ ಹೋಗುತ್ತದೆ.

ಇದು ಮುಂಬೈನಲ್ಲಿರುವವರ ತಲೆನೋವು ಮಾತ್ರವಲ್ಲ. ಎಂಎಚ್-01, ಎಂಎಚ್-02, ಎಂಎಚ್-43 ನಂಬರಿನ ಕಾರುಗಳು ಉಡುಪಿ, ಮಂಗಳೂರು, ಬೆಳಗಾವಿ, ಹುಬ್ಬಳ್ಳಿ ಕಡೆಗೂ ಬರುತ್ತವೆ. ಮುಂಬೈನಲ್ಲಿರುವ ಭಾವನೋ ಚಿಕ್ಕಪ್ಪನೋ ಹೊಸ ಕಾರು ತೆಗೆದುಕೊಂಡಾಗ ಹಳೆಯದು ಊರಿಗೆ ಬರುವುದು ಕರಾವಳಿಯ ಮನೆಗಳಲ್ಲಿ ಹೊಸ ವಿಷಯವೇನಲ್ಲ. ಪರಿಚಯಸ್ಥರ ಕಾರಾದರೆ ಅದರ ಚರಿತ್ರೆ ಗೊತ್ತಿರುತ್ತದೆ. ಡೀಲರ್ ಕೈಯಿಂದ ಬಂದದ್ದಾದರೆ ಅದನ್ನು ನಾವೇ ಕೆದಕಿ ತೆಗೆಯಬೇಕು.

ಹಿಮ ಬೀಳುವ ದೇಶಗಳಲ್ಲಿ ಚಳಿಗಾಲಕ್ಕೆಂದು ಹಳೆಯ ಕಾರು ಹುಡುಕುವವರು ಮೊದಲು ನೋಡುವುದು ಟೈರ್, ಬ್ಯಾಟರಿ ಮತ್ತು ಕಾರಿನ ತಳದ ತುಕ್ಕು. ಅಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ, ಆ ಉಪ್ಪು ಕಾರಿನ ತಳವನ್ನು ತಿಂದುಹಾಕುತ್ತದೆ. ಮುಂಬೈನಲ್ಲಿ ಹಿಮವಿಲ್ಲ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಕಾರಿಗೆ ಅಷ್ಟೇ ಕಠಿಣ ಪರೀಕ್ಷೆ ಒಡ್ಡುತ್ತದೆ. ಉಪ್ಪನ್ನು ಇಲ್ಲಿ ಸಮುದ್ರವೇ ಕೊಡುತ್ತದೆ.

ಒಂದೇ ದಿನ 944 ಮಿ.ಮೀ.

ಮುಂಬೈನ ಕಾರು ಮಾಲೀಕರು 2005ರ ಜುಲೈ 26ನ್ನು ಮರೆಯುವುದಿಲ್ಲ. ಆಗ ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ದಾಖಲಾಯಿತು. ಅದೇ ಹೊತ್ತಿನಲ್ಲಿ ದಕ್ಷಿಣ ಮುಂಬೈನ ಕೊಲಾಬಾದಲ್ಲಿ ಸುರಿದದ್ದು 75 ಮಿ.ಮೀ.ಗಿಂತಲೂ ಕಡಿಮೆ. ಮೀಠಿ ನದಿ ಉಕ್ಕಿ ಕುರ್ಲಾ, ಕಲೀನಾ ಸುತ್ತಮುತ್ತ ರಸ್ತೆಗಳೇ ಕಾಣದಾದವು. ಬಾಗಿಲು ತೆರೆಯಲಾಗದೆ ಕಾರಿನೊಳಗೇ ಉಸಿರುಗಟ್ಟಿ ಸತ್ತವರೂ ಇದ್ದರು. ಗಾಜು ಒಡೆಯಲು ಪುಟ್ಟ ಸುತ್ತಿಗೆಯೊಂದನ್ನು ಕಾರಿನಲ್ಲಿಟ್ಟುಕೊಳ್ಳುವ ಅಭ್ಯಾಸ ಮುಂಬೈನಲ್ಲಿ ಹರಡಿದ್ದು ಆ ನಂತರ.

ಒಂದೇ ನಗರದ ಎರಡು ತುದಿಗಳ ನಡುವೆ ಇಷ್ಟು ಅಂತರವಿದ್ದದ್ದು ಕಾರು ಕೊಳ್ಳುವವರಿಗೂ ಉಪಯುಕ್ತ ಮಾಹಿತಿ. 'ಮುಂಬೈ ಕಾರು' ಎಂದರೆ ಎಲ್ಲವೂ ಒಂದೇ ಅಲ್ಲ. ಕಾರನ್ನು ರಾತ್ರಿ ನಿಲ್ಲಿಸುತ್ತಿದ್ದುದು ಎಲ್ಲಿ, ಮಾಲೀಕರು ಕೆಲಸಕ್ಕೆ ಹೋಗುತ್ತಿದ್ದ ದಾರಿ ಯಾವುದು ಎಂಬ ಎರಡು ಪ್ರಶ್ನೆಗಳಿಂದ ಬಹಳಷ್ಟು ತಿಳಿಯುತ್ತದೆ. ಹಿಂದ್‌ಮಾತಾ, ಕಿಂಗ್ಸ್ ಸರ್ಕಲ್, ಸಯನ್, ಕುರ್ಲಾ, ಅಂಧೇರಿ ಸಬ್‌ವೇ, ಮಿಲನ್ ಸಬ್‌ವೇ, ಮಲಾಡ್ ಸಬ್‌ವೇ ಇವೆಲ್ಲ ನೀರು ನಿಲ್ಲುವುದಕ್ಕೆ ಹೆಸರಾದ ಜಾಗಗಳು. ಇವುಗಳ ಅಕ್ಕಪಕ್ಕದ ಕಟ್ಟಡದ ಬೇಸ್‌ಮೆಂಟ್‌ನಲ್ಲಿ ನಿಲ್ಲುತ್ತಿದ್ದ ಕಾರಾದರೆ ಎರಡು ಪಟ್ಟು ಎಚ್ಚರ ಬೇಕು. ರಸ್ತೆಯ ನೀರು ಕೆಲವು ಗಂಟೆಗಳಲ್ಲಿ ಇಳಿಯುತ್ತದೆ, ಬೇಸ್‌ಮೆಂಟ್‌ನದ್ದು ಪಂಪ್ ಹಚ್ಚುವವರೆಗೂ ನಿಂತಿರುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಯಮಲೂರು ಭಾಗದ ವಿಲ್ಲಾಗಳ ಮುಂದೆ ಐಷಾರಾಮಿ ಕಾರುಗಳು ಮುಳುಗಿ ನಿಂತ ಚಿತ್ರಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮುಳುಗಿದ ಕಾರು ಮಾರುಕಟ್ಟೆಗೆ ಬರುವ ದಾರಿ

ನೀರು ಹೊಕ್ಕ ಕಾರಿನ ರಿಪೇರಿ ವೆಚ್ಚ ವಿಮೆಯ ಘೋಷಿತ ಮೌಲ್ಯದ, ಅಂದರೆ ಐಡಿವಿಯ, ಶೇ. 75 ಮೀರಿದರೆ ಅದನ್ನು 'ಟೋಟಲ್ ಲಾಸ್' ಎಂದು ಪರಿಗಣಿಸಲಾಗುತ್ತದೆ. ಮಾಲೀಕರಿಗೆ ಹಣ ಸಿಗುತ್ತದೆ, ಕಾರು ಇದ್ದ ಸ್ಥಿತಿಯಲ್ಲೇ ಹೆಚ್ಚು ಬಿಡ್ ಮಾಡಿದವರ ಪಾಲಾಗುತ್ತದೆ. ಹಾಗೆ ಕೊಂಡವರು ಬಿಡಿಭಾಗಗಳನ್ನು ಕಳಚಿ ಮಾರಬಹುದು, ಕಡಿಮೆ ಖರ್ಚಿನಲ್ಲಿ ಸರಿಮಾಡಿಸಿ ಮತ್ತೆ ರಸ್ತೆಗೂ ಇಳಿಸಬಹುದು. ಅಮೆರಿಕದಲ್ಲಿ ಇಂತಹ ಕಾರುಗಳ ಮಾಲೀಕತ್ವ ಪತ್ರದ ಮೇಲೆಯೇ 'ಪ್ರವಾಹ ಪೀಡಿತ' ಎಂಬ ಮುದ್ರೆ ಬೀಳುತ್ತದೆ. ನಮ್ಮ ಆರ್‌ಸಿಯಲ್ಲಿ ಅಂತಹ ಕಾಲಂ ಇಲ್ಲ. ಹೀಗಾಗಿ ಕಾಗದ ಎಷ್ಟೇ ಸರಿಯಿದ್ದರೂ ಕಾರನ್ನು ಕಣ್ಣು, ಮೂಗು, ಕೈ ಮೂರರಿಂದಲೂ ಪರೀಕ್ಷಿಸಬೇಕು.

ಸೀಟ್‌ಬೆಲ್ಟ್ ಸುಳ್ಳು ಹೇಳುವುದಿಲ್ಲ

ಮೊದಲ ಪರೀಕ್ಷೆಗೆ ಮೆಕ್ಯಾನಿಕ್ ಬೇಡ. ನಾಲ್ಕೂ ಸೀಟ್‌ಬೆಲ್ಟ್‌ಗಳನ್ನು ಕೊನೆಯವರೆಗೂ ಎಳೆದು ನೋಡಿ. ಸೀಟು, ಮ್ಯಾಟ್, ಡ್ಯಾಶ್‌ಬೋರ್ಡ್ ಎಲ್ಲವನ್ನೂ ಶುಚಿ ಮಾಡಿಸುವವರು ಒಳಗೆ ಸುತ್ತಿಕೊಂಡಿರುವ ಬೆಲ್ಟ್‌ನ ಕೊನೆಯ ಅರ್ಧ ಮೀಟರ್ ತೊಳೆಯಲು ಮರೆಯುತ್ತಾರೆ. ಅಲ್ಲಿ ಕೆಸರಿನ ಗೆರೆ, ಬೂಷ್ಟು ಅಥವಾ ಬಣ್ಣ ಬದಲಾದ ಗುರುತು ಇದ್ದರೆ ನೀರು ಎಲ್ಲಿಯವರೆಗೆ ಬಂದಿತ್ತೆಂದು ಬೆಲ್ಟೇ ಹೇಳುತ್ತದೆ. ಬೆಲ್ಟ್ ಮಾತ್ರ ಹೊಚ್ಚ ಹೊಸದಾಗಿದ್ದರೆ ಅದಕ್ಕೂ ಕಾರಣ ಕೇಳಬೇಕು.

ಆಮೇಲೆ ಸೀಟಿನ ಕೆಳಗೆ ಟಾರ್ಚ್ ಹಾಕಿ. ಸೀಟು ಹಿಂದೆ ಮುಂದೆ ಜಾರುವ ಕಬ್ಬಿಣದ ಹಳಿ, ಅದನ್ನು ನೆಲಕ್ಕೆ ಬಿಗಿದ ಬೋಲ್ಟ್, ಪೆಡಲ್‌ಗಳ ಮೇಲ್ಭಾಗದ ಸ್ಪ್ರಿಂಗ್ ಇವು ಸಾಮಾನ್ಯವಾಗಿ ನೀರು ಕಾಣದ ಜಾಗಗಳು. ಮೂರು ನಾಲ್ಕು ವರ್ಷದ ಕಾರಿನಲ್ಲಿ ಇಲ್ಲಿ ತುಕ್ಕು ಹಿಡಿಯಲು ಕಾರಣವೇ ಇಲ್ಲ. ಕಾರ್ಪೆಟ್‌ನ ಒಂದು ಮೂಲೆ ಎತ್ತಿ ಕೆಳಗಿನ ಸ್ಪಂಜನ್ನು ಒತ್ತಿ ನೋಡಿ. ಮೇಲೆ ಒಣಗಿದ್ದರೂ ಅದು ವಾರಗಟ್ಟಲೆ ತೇವ ಹಿಡಿದಿಟ್ಟುಕೊಂಡಿರುತ್ತದೆ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿದರೆ ಕಾಣುವ ಗುಂಡಿಯಲ್ಲಿ ಸಣ್ಣ ಮರಳು, ಒಣಗಿದ ಕೆಸರು ಇದೆಯೇ ಗಮನಿಸಿ. ಹೆಡ್‌ಲೈಟ್ ಒಳಗೆ ಮಂಜು ಕಟ್ಟಿದ ಗುರುತು, ಬಾಗಿಲ ಸ್ಪೀಕರ್ ಜಾಲರಿಯಲ್ಲಿ ಮಣ್ಣು ಕೂಡ ಅದೇ ಕಥೆ ಹೇಳುತ್ತವೆ.

ಇನ್ನು ವಾಸನೆ. ಬಾಗಿಲು ತೆರೆದ ಕೂಡಲೇ ಮೂಗಿಗೆ ಅಡರುವಷ್ಟು ಪರ್ಫ್ಯೂಮ್ ಇದ್ದರೆ ಕಿಟಕಿ ಮುಚ್ಚಿಸಿ, ಎಸಿಯನ್ನು ಹತ್ತು ನಿಮಿಷ ಒಳಗಾಳಿಯ ಮೋಡ್‌ನಲ್ಲಿ ಓಡಿಸಿ ಕುಳಿತುಕೊಳ್ಳಿ. ಒದ್ದೆ ಬಟ್ಟೆ ಮಡಿಚಿಟ್ಟಂತಹ ಮುಗ್ಗಲು ವಾಸನೆ ಬ್ಲೋವರ್‌ನಿಂದ ಹೊರಬಂದೇ ಬರುತ್ತದೆ.

ಕೊನೆಯ ಹಂತದಲ್ಲಿ ಮಾರಾಟಗಾರರಿಗೆ ಸಂಬಂಧವಿಲ್ಲದ, ನಿಮ್ಮದೇ ಮೆಕ್ಯಾನಿಕ್ ಬೇಕು. ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅದರಲ್ಲಿ ನೀರು ಸೇರಿದೆ ಎಂದರ್ಥ. ಸ್ಕ್ಯಾನರ್ ಹಾಕಿಸಿ ಕಂಪ್ಯೂಟರ್‌ನಲ್ಲಿ ದಾಖಲಾದ ದೋಷಗಳನ್ನು ಓದಿಸಬೇಕು. ಇಗ್ನಿಷನ್ ಹಾಕಿದಾಗ ಏರ್‌ಬ್ಯಾಗ್ ಮತ್ತು ಎಬಿಎಸ್ ದೀಪಗಳು ಒಮ್ಮೆ ಉರಿದು ಆರಬೇಕು. ದೀಪ ಉರಿಯಲೇ ಇಲ್ಲವೆಂದರೆ ಯಾರೋ ಅದನ್ನು ಕಿತ್ತಿರುವ ಸಾಧ್ಯತೆ ಇದೆ. ಎಲೆಕ್ಟ್ರಿಕ್ ಕಾರುಗಳ ವಿಷಯ ತುಸು ಬೇರೆ. ಬ್ಯಾಟರಿಗೆ ಐಪಿ67 ರಕ್ಷಣೆ ಇದೆ ಎಂದರೆ ಪರೀಕ್ಷೆಯಲ್ಲಿ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ತಡೆದಿದೆ ಎಂದಷ್ಟೇ. ರಾತ್ರಿಯಿಡೀ ಬೇಸ್‌ಮೆಂಟ್ ನೀರಿನಲ್ಲಿ ನಿಂತ ಕಾರಿಗೆ ಅದು ಗ್ಯಾರಂಟಿಯಲ್ಲ. ಅಧಿಕೃತ ಸರ್ವಿಸ್ ಸೆಂಟರ್‌ನ ಬ್ಯಾಟರಿ ವರದಿ ಇಲ್ಲದೆ ಮುಂದುವರಿಯಬಾರದು.

ಗ್ರೌಂಡ್ ಕ್ಲಿಯರೆನ್ಸ್ ಒಂದೇ ಸಾಲದು

ಮುಂಬೈ ಮಳೆಗೆ ಎಸ್‌ಯುವಿಯೇ ಬೇಕು ಎಂಬ ನಂಬಿಕೆ ಬಲವಾಗಿದೆ. ಅದರಲ್ಲಿ ಅರ್ಧ ಸತ್ಯವಿದೆ. ಮಾರುತಿ ಸ್ವಿಫ್ಟ್‌ನ ಗ್ರೌಂಡ್ ಕ್ಲಿಯರೆನ್ಸ್ 163 ಮಿ.ಮೀ., ವಿಟಾರಾ ಬ್ರೆಝಾದ್ದು 198 ಮಿ.ಮೀ. ವ್ಯತ್ಯಾಸ ಎರಡು ಬೆರಳಿನಷ್ಟು ಅಗಲ. ಗುಂಡಿ, ಸ್ಪೀಡ್ ಬ್ರೇಕರ್‌ಗೆ ಇದು ದೊಡ್ಡ ಅನುಕೂಲ. ಆದರೆ ನಿಂತ ನೀರಿನಲ್ಲಿ ಎಂಜಿನ್ ಉಳಿಯುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಎಂಜಿನ್ ಗಾಳಿ ಎಳೆದುಕೊಳ್ಳುವ ಪೈಪಿನ ಬಾಯಿ ಎಷ್ಟು ಎತ್ತರದಲ್ಲಿದೆ ಎಂಬುದು.

ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಆಗದು. ಸಿಲಿಂಡರ್‌ಗೆ ನೀರು ಹೊಕ್ಕಾಗ ಪಿಸ್ಟನ್ ಮೇಲೇರಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇದನ್ನೇ ಹೈಡ್ರೋಸ್ಟ್ಯಾಟಿಕ್ ಲಾಕ್ ಎನ್ನುವುದು. ಕಾರು ನೀರಿನಲ್ಲಿ ನಿಂತಾಗ ಗಾಬರಿಯಿಂದ ಮತ್ತೆ ಮತ್ತೆ ಸ್ಟಾರ್ಟ್ ಮಾಡುವುದರಿಂದಲೇ ಎಷ್ಟೋ ಎಂಜಿನ್‌ಗಳು ಹಾಳಾಗುತ್ತವೆ. ಸಾಮಾನ್ಯ ವಿಮೆಯಲ್ಲಿ ಪ್ರವಾಹದ ಹಾನಿಗೆ ಪರಿಹಾರವಿದ್ದರೂ ಹೀಗೆ ಹಾಳಾದ ಎಂಜಿನ್‌ಗೆ ಸಾಮಾನ್ಯವಾಗಿ ಹಣ ಸಿಗುವುದಿಲ್ಲ. ಅದಕ್ಕೆ 'ಎಂಜಿನ್ ಪ್ರೊಟೆಕ್ಟ್' ಎಂಬ ಆ್ಯಡ್-ಆನ್ ಬೇರೆಯಾಗಿ ಕೊಳ್ಳಬೇಕು.

ಕೆಲವು ಕಂಪನಿಗಳು ಕಾರು ಎಷ್ಟು ಆಳದ ನೀರು ದಾಟಬಲ್ಲದು ಎಂದು ಅಧಿಕೃತವಾಗಿ ಹೇಳುತ್ತವೆ. ಮಹೀಂದ್ರಾ ಥಾರ್‌ಗೆ ಅದು 650 ಮಿ.ಮೀ., ಫೋರ್ಡ್ ಇಕೋಸ್ಪೋರ್ಟ್‌ಗೆ 550 ಮಿ.ಮೀ. ಇಕೋಸ್ಪೋರ್ಟ್ ಇಂದಿಗೂ ಹಳೆಯ ಕಾರುಗಳ ಮಾರುಕಟ್ಟೆಯಲ್ಲಿ ಸಿಗುತ್ತದೆ, ಆದರೆ 2021ರಲ್ಲಿ ಫೋರ್ಡ್ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿದ್ದರಿಂದ ಹತ್ತಿರದಲ್ಲಿ ಸರ್ವಿಸ್, ಬಿಡಿಭಾಗ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿಕೊಳ್ಳಬೇಕು. ಅಂಕಿ ಎಷ್ಟೇ ಇರಲಿ, ಸಬ್‌ವೇ ನೀರಿಗೆ ಇಳಿಯಲು ಅದು ಪರವಾನಗಿಯಲ್ಲ. 2019ರ ಜುಲೈನಲ್ಲಿ ಮಲಾಡ್ ಸಬ್‌ವೇಯಲ್ಲಿ ಸಿಲುಕಿ ಇಬ್ಬರು ಮೃತಪಟ್ಟಾಗ ಅವರು ಕುಳಿತಿದ್ದುದು ಎಸ್‌ಯುವಿಯಲ್ಲೇ.

ಮಳೆಯ ದೃಷ್ಟಿಯಿಂದ ಗ್ರೌಂಡ್ ಕ್ಲಿಯರೆನ್ಸ್‌ಗಿಂತ ಎಬಿಎಸ್ ಮುಖ್ಯ ಎನ್ನಬೇಕು. 2019ರ ಏಪ್ರಿಲ್‌ನಿಂದ ದೇಶದಲ್ಲಿ ಮಾರಾಟವಾಗುವ ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಕಡ್ಡಾಯ. ಅದಕ್ಕೂ ಹಿಂದಿನ ಕಡಿಮೆ ಬೆಲೆಯ ವೇರಿಯಂಟ್‌ಗಳಲ್ಲಿ ಇಲ್ಲದಿರಬಹುದು. ಐವತ್ತು ಸಾವಿರ ಉಳಿಸಲು ಎಬಿಎಸ್ ಇಲ್ಲದ ಕಾರು ಕೊಳ್ಳುವುದು ಈ ನಗರದ ಮಳೆಗೆ ತಕ್ಕ ಲೆಕ್ಕಾಚಾರವಲ್ಲ. ಟೈರ್‌ನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನೂ ನೋಡಿ. '2319' ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಕಾನೂನಿನ ಪ್ರಕಾರ ಟೈರ್ ಗೆರೆಯ ಆಳ ಕನಿಷ್ಠ 1.6 ಮಿ.ಮೀ. ಇರಬೇಕು. ಆದರೆ ಹೆದ್ದಾರಿಯ ನೀರಿನ ಮೇಲೆ ಕಾರು ಜಾರದಂತೆ ತಡೆಯಲು ಅದು ಸಾಲದು. ನಾಲ್ಕು ಟೈರ್ ಬದಲಿಸುವ ಖರ್ಚನ್ನು ಬೆಲೆಯಲ್ಲೇ ಕಳೆಯಿರಿ.

ವರ್ಸೋವಾ, ಬಾಂದ್ರಾ, ವರ್ಲಿಯಂತಹ ಕಡಲ ದಂಡೆಯಲ್ಲಿ ಬಯಲಲ್ಲೇ ನಿಲ್ಲುತ್ತಿದ್ದ ಕಾರಾದರೆ ಲಿಫ್ಟ್ ಮೇಲೆ ಎತ್ತಿಸಿ ತಳ ನೋಡುವುದನ್ನು ತಪ್ಪಿಸಬೇಡಿ. ಸೈಲೆನ್ಸರ್ ಪೈಪಿನ ಮೇಲ್ಮೈ ತುಕ್ಕು ಎಲ್ಲ ಕಾರಿನಲ್ಲೂ ಇರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಚಾಸಿಸ್ ಅಂಚು, ಬಾಗಿಲ ಕೆಳಗಿನ ಪಟ್ಟಿ, ಬ್ರೇಕ್ ಪೈಪ್‌ಗಳಲ್ಲಿ ಪದರ ಪದರವಾಗಿ ಉದುರುವ ತುಕ್ಕು ಇದ್ದರೆ ಮಾತ್ರ ಕಾರು ಬಿಡುವುದೇ ಒಳ್ಳೆಯದು. ಹೊಸದಾಗಿ ಬಳಿದ ಕಪ್ಪು ಬಣ್ಣ ಕಂಡರೆ ಅದರ ಕೆಳಗೇನಿದೆ ಎಂದು ಕೆರೆದು ನೋಡಲು ಮೆಕ್ಯಾನಿಕ್‌ಗೆ ಹೇಳಿ.

ವಿಮೆ ಪಾಲಿಸಿಯಲ್ಲಿ ಅಡಗಿರುವ ಸುಳಿವು

ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಕಾರು ಎಷ್ಟನೇ ಮಾಲೀಕರ ಬಳಿ ಇದೆ, ಸಾಲವಿದೆಯೇ, ವಿಮೆ ಮತ್ತು ಪಿಯುಸಿ ಯಾವಾಗಿನವರೆಗೆ ಎಂಬುದು ತಿಳಿಯುತ್ತದೆ. ಇದನ್ನು ಈಗ ಎಲ್ಲರೂ ಮಾಡುತ್ತಾರೆ. ಹೆಚ್ಚಿನವರು ನೋಡದೇ ಬಿಡುವುದು ಹಳೆಯ ವಿಮೆ ಪಾಲಿಸಿಯಲ್ಲಿರುವ ನೋ ಕ್ಲೇಮ್ ಬೋನಸ್. ಕ್ಲೇಮ್ ಇಲ್ಲದ ಒಂದು ವರ್ಷಕ್ಕೆ ಶೇ. 20, ಎರಡಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50 ರಿಯಾಯಿತಿ ಸಿಗುತ್ತದೆ. ಒಬ್ಬರೇ ಮಾಲೀಕರ ಬಳಿ ಐದು ವರ್ಷ ಇದ್ದ ಕಾರಿನ ಪಾಲಿಸಿಯಲ್ಲಿ ಇದು ಸೊನ್ನೆ ಇದ್ದರೆ ಹಿಂದಿನ ವರ್ಷ ಕ್ಲೇಮ್ ಆಗಿರಬಹುದು. ವಿಮೆ ನವೀಕರಿಸುವುದು ತಡವಾಗಿದ್ದರೂ ಹೀಗಾಗುತ್ತದೆ, ಆದ್ದರಿಂದ ತೀರ್ಪು ಕೊಡುವ ಮೊದಲು ಕಾರಣ ಕೇಳಿ. ಅಧಿಕೃತ ಸರ್ವಿಸ್ ಸೆಂಟರ್‌ನ ದಾಖಲೆಯಲ್ಲಿ ಜುಲೈ–ಸೆಪ್ಟೆಂಬರ್ ನಡುವೆ ಕಾರ್ಪೆಟ್, ವೈರಿಂಗ್, ಆಲ್ಟರ್ನೇಟರ್ ಒಂದೇ ಬಿಲ್‌ನಲ್ಲಿ ಬದಲಾಗಿದ್ದರೆ ಇನ್ನು ಕೇಳುವುದೇನೂ ಉಳಿದಿಲ್ಲ.

ಡೀಲರ್‌ನಿಂದ ಕೊಳ್ಳುವುದಾದರೆ ಅವರಿಗೆ ಆರ್‌ಟಿಒ ನೀಡಿದ ಅಧಿಕಾರ ಪತ್ರ ಇದೆಯೇ ಎಂದು ಕೇಳುವ ಹಕ್ಕು ನಿಮಗಿದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದಂತೆ ಹಳೆಯ ವಾಹನಗಳ ಡೀಲರ್‌ಗಳಿಗೆ ಅದು ಅಗತ್ಯ.

ಕಾರನ್ನು ಕರ್ನಾಟಕಕ್ಕೆ ತರುವವರಿಗೆ ಇನ್ನಷ್ಟು ಕೆಲಸವಿದೆ. ಮಾರಾಟಗಾರರಿಂದ ಫಾರ್ಮ್ 28ರ ಮೂಲಕ ಅಲ್ಲಿನ ಆರ್‌ಟಿಒದ ಎನ್‌ಒಸಿ, ವರ್ಗಾವಣೆಗೆ ಫಾರ್ಮ್ 29 ಮತ್ತು 30, ಸಾಲವಿದ್ದರೆ ಬ್ಯಾಂಕಿನ ಸಹಿಯಿರುವ ಫಾರ್ಮ್ 35 ಪಡೆಯಬೇಕು. ಬೇರೆ ರಾಜ್ಯದ ಕಾರು 12 ತಿಂಗಳಿಗಿಂತ ಹೆಚ್ಚು ಇಲ್ಲಿದ್ದರೆ ಮರುನೋಂದಣಿ ಕಡ್ಡಾಯ. ವಿಮೆಯನ್ನು ಹೆಸರಿಗೆ ಬದಲಿಸಲು 14 ದಿನದೊಳಗೆ ಅರ್ಜಿ ಹಾಕಬೇಕು. ಹಳೆಯ ಮಾಲೀಕರ ಬೋನಸ್ ನಿಮಗೆ ಬರುವುದಿಲ್ಲ, ಆ ವ್ಯತ್ಯಾಸದ ಹಣ ನೀವೇ ತುಂಬಬೇಕಾಗುತ್ತದೆ. ಇದರ ಮೇಲೆ ಕಾರಿನ ವಯಸ್ಸು ಮತ್ತು ಬೆಲೆಗೆ ತಕ್ಕಂತೆ ಕರ್ನಾಟಕದ ರಸ್ತೆ ತೆರಿಗೆ. ಮಹಾರಾಷ್ಟ್ರದಲ್ಲಿ ಕಟ್ಟಿದ ತೆರಿಗೆಯ ಉಳಿದ ಭಾಗ ವಾಪಸು ಕೇಳಬಹುದು, ಆದರೆ ಮೊದಲು ಇಲ್ಲಿ ಕಟ್ಟಿ, ಮರುನೋಂದಣಿ ದಾಖಲೆ ತೋರಿಸಿ ಅಲ್ಲಿ ಅರ್ಜಿ ಸಲ್ಲಿಸಬೇಕು. ಆ ಹಣ ಕೈಸೇರುವವರೆಗೆ ಎರಡೂ ತೆರಿಗೆಯ ಭಾರ ಕಾರಿನ ಮೇಲಿರುತ್ತದೆ. ಮುಂಬೈನಲ್ಲಿ ಚೌಕಾಸಿಗೆ ಕೂರುವ ಮೊದಲೇ ಈ ಮೊತ್ತವನ್ನು ಊರಿನ ಆರ್‌ಟಿಒದಲ್ಲಿ ವಿಚಾರಿಸಿ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.