ಕಣಿವೆಯ ಓಟ: ಲಾಲ್‌ಬಾಗ್‌ನ ಲೆಕ್ಕ ಅಲ್ಲಿ ನಡೆಯುವುದಿಲ್ಲ

ದಕ್ಷಿಣ ಬೆಂಗಳೂರಿನ ಓಟಗಾರರಿಗೆ ಈಗ ಡಾಂಬರು ರಸ್ತೆ ಸಾಲುತ್ತಿಲ್ಲ. ವಾರದ ದಿನಗಳಲ್ಲಿ ಲಾಲ್‌ಬಾಗ್, ಜೆ.ಪಿ. ನಗರದ ಮಿನಿ ಫಾರೆಸ್ಟ್, ಮಡಿವಾಳ ಕೆರೆಯ ದಂಡೆ. ಭಾನುವಾರ ಬನಶಂಕರಿ ಆರನೇ ಹಂತದ ಆಚೆಗಿನ ತುರಹಳ್ಳಿ ಕಾಡಿನ ಮಣ್ಣುದಾರಿ. ಅಲ್ಲಿ ಟ್ರೇಲ್ ರನ್ನಿಂಗ್‌ನ ರುಚಿ ಹತ್ತಿದವರ ಮುಂದಿನ ಕನಸು ಬಾದಾಮಿಯ ಕೆಂಪು ಬಂಡೆ, ಹಂಪಿಯ ಗುಂಡುಗಲ್ಲುಗಳ ನಡುವಿನ ಹಾದಿ, ಆಂಧ್ರದ ಕಡಪ ಜಿಲ್ಲೆಯಲ್ಲಿರುವ ಗಂಡಿಕೋಟದ ಕಮರಿ. ಪ್ರಾಜೆಕ್ಟ್ ಮೇಲೆ ಅಮೆರಿಕಕ್ಕೆ ಹೋದವರು ಅರಿಜೋನಾದ ಗ್ರ್ಯಾಂಡ್ ಕ್ಯಾನ್ಯನ್‌ನಲ್ಲೂ ಓಡಿ ಬರುತ್ತಾರೆ. ಉತ್ಸಾಹ ಒಳ್ಳೆಯದೇ. ಆದರೆ ಪಾರ್ಕಿನ ಗೇಟಿನ ಬಳಿ ಎಳನೀರು ಕುಡಿಯುತ್ತಾ ಒಬ್ಬರು ಇನ್ನೊಬ್ಬರಿಗೆ ಹೇಳುವ ಕೆಲವು ಮಾತುಗಳನ್ನು ನಂಬಿಕೊಂಡು ಒಣ ಕಣಿವೆಗೆ ಇಳಿದರೆ ಜೀವಕ್ಕೇ ಕುತ್ತು. ಅಂಥ ಮಾತುಗಳನ್ನು ಇಲ್ಲಿ ಒಂದೊಂದಾಗಿ ನೋಡೋಣ.

“ಹಾಫ್ ಮ್ಯಾರಥಾನ್ ಓಡುವವನಿಗೆ ಕಣಿವೆಯ ಹದಿನೈದು ಕಿಲೋಮೀಟರ್ ಏನು ಮಹಾ?”

ಬೆಟ್ಟ ಹತ್ತುವಾಗ ಕಷ್ಟ ಮೊದಲೇ ಎದುರಾಗುತ್ತದೆ. ಆಗದಿದ್ದರೆ ಅರ್ಧಕ್ಕೆ ನಿಂತು ಇಳಿದು ಬರಬಹುದು. ಕಣಿವೆಯಲ್ಲಿ ಎಲ್ಲವೂ ತಿರುವುಮುರುವು: ಬೆಳಗಿನ ತಂಪಿನಲ್ಲಿ ಸಲೀಸಾಗಿ ಇಳಿಯುತ್ತೀರಿ; ಕಾಲು ಸೋತ ಮೇಲೆ, ಬಿಸಿಲೇರಿದ ಮೇಲೆ, ನೀರು ಮುಗಿಯುತ್ತಾ ಬಂದಾಗ ಹತ್ತಬೇಕು. ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚಿನಿಂದ ಕೊಲರಾಡೊ ನದಿಗೆ ಸುಮಾರು 1,400 ಮೀಟರ್ ಇಳಿಜಾರು. ಅಂಚಿನಲ್ಲಿ ಹಿತವಾದ ಹವೆ ಇರುವಾಗಲೂ ತಳದಲ್ಲಿ ಹತ್ತು ಡಿಗ್ರಿಗಿಂತ ಹೆಚ್ಚು ಬಿಸಿ. ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಒಳಗಿನ ಹಾದಿಗಳಲ್ಲಿ ನಡೆಯಲೇಬೇಡಿ ಎಂದು ಅಲ್ಲಿನ ರೇಂಜರ್‌ಗಳು ಎಚ್ಚರಿಸುತ್ತಾರೆ.

2004ರ ಜುಲೈನಲ್ಲಿ ಅದೇ ಕಣಿವೆಯಲ್ಲಿ 24 ವರ್ಷದ ವೈದ್ಯಕೀಯ ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡಳು. ಅದೇ ವರ್ಷದ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನನ್ನು ಮೂರು ಗಂಟೆ ಚಿಲ್ಲರೆಯಲ್ಲಿ ಮುಗಿಸಿದ್ದವಳು. ಅಂದುಕೊಂಡಿದ್ದಕ್ಕಿಂತ ಹಾದಿ ಬಹಳ ಉದ್ದವಿತ್ತು, ಬಿಸಿಲು 40 ಡಿಗ್ರಿ, ಅವಳು ಒಯ್ದಿದ್ದ ನೀರು ಸುಮಾರು ಒಂದೂವರೆ ಲೀಟರ್. ನಮ್ಮಲ್ಲಿ ಬಹುಪಾಲು ಮಂದಿ ಅವಳ ವೇಗದಲ್ಲಿ ಓಡಲಾರರು. ಓಟದ ಸಾಮರ್ಥ್ಯ ಒಂದೇ ನಮ್ಮನ್ನು ಕಾಪಾಡುತ್ತದೆ ಎನ್ನುವವರು ಈ ಸಾವನ್ನು ನೆನಪಿಡಬೇಕು.

ಹಾಗಾಗಿ ಕಣಿವೆಯಲ್ಲಿ ಕಿಲೋಮೀಟರ್ ಎಣಿಸುವುದಕ್ಕಿಂತ ಗಂಟೆ ಎಣಿಸುವುದು ಮೇಲು. ಇಳಿಯಲು ಒಂದು ಗಂಟೆ ಹಿಡಿದರೆ ಹತ್ತಲು ಎರಡು ಗಂಟೆ ಎಂದೇ ಇಟ್ಟುಕೊಳ್ಳಿ. ಇರುವ ನೀರಿನಲ್ಲಿ ಮೂರನೇ ಒಂದು ಪಾಲು ಮುಗಿದ ಕೂಡಲೇ, ಎಲ್ಲಿದ್ದರೂ ಸರಿ, ವಾಪಸು ತಿರುಗಿ.

“ನಾವು ಬಿಸಿಲಿನ ದೇಶದವರು, ನಮಗೆ ಸೆಕೆ ಹೊಸದೇ?”

ಬೆಂಗಳೂರು ಇರುವುದು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿ. ಮೇ ತಿಂಗಳಲ್ಲೂ ಬೆಳಗಿನ ಐದೂವರೆಗೆ ಜಯನಗರದ ಮರಗಳ ಕೆಳಗೆ 22–23 ಡಿಗ್ರಿ. ಓಟ ಮುಗಿಸಿ, ದರ್ಶಿನಿಯಲ್ಲಿ ಇಡ್ಲಿ ತಿಂದು, ಎ.ಸಿ. ಕಚೇರಿ ಸೇರುವ ದೇಹಕ್ಕೆ ಬಿಸಿಲಿನ ಪರಿಚಯವೇ ಇಲ್ಲ. ಹುಟ್ಟಿದ ಊರು ಬಳ್ಳಾರಿಯೋ ರಾಯಚೂರೋ ಆಗಿದ್ದರೂ ಅಷ್ಟೇ. ಬಿಸಿಗೆ ಮೈ ಒಗ್ಗಲು ಸಾಮಾನ್ಯವಾಗಿ 10ರಿಂದ 14 ದಿನ ದಿನವೂ ಸ್ವಲ್ಪ ಹೊತ್ತು ಬಿಸಿಯಲ್ಲೇ ಶ್ರಮಪಡಬೇಕು. ಆಗ ರಕ್ತದ ದ್ರವಭಾಗ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಅಭ್ಯಾಸ ಬಿಟ್ಟರೆ ಕೆಲವೇ ವಾರಗಳಲ್ಲಿ ಈ ಗಳಿಕೆಯೆಲ್ಲ ಕರಗಿಹೋಗುತ್ತದೆ.

ಬಾದಾಮಿಯಲ್ಲಿ ಏಪ್ರಿಲ್ ಹೊತ್ತಿಗೆ ಪಾದರಸ 40ರ ಆಸುಪಾಸಿಗೆ ಬರುತ್ತದೆ. ಹವಾಮಾನ ವರದಿ ಹೇಳುವುದು ನೆರಳಿನ ಉಷ್ಣತೆ ಮಾತ್ರ. ಎರಡು ಬಂಡೆಗೋಡೆಗಳ ನಡುವೆ ಓಡುವವನಿಗೆ ಮೇಲಿಂದ ಸೂರ್ಯ, ಮೂರು ಕಡೆಯಿಂದ ಕಾದ ಕಾವಲಿಯಂಥ ಕಲ್ಲು. ಸೂರ್ಯ ಇಳಿದ ಮೇಲೂ ಕಲ್ಲು ಬಹಳ ಹೊತ್ತು ಝಳ ಬಿಡುತ್ತಲೇ ಇರುತ್ತದೆ. ಜತೆಗೆ ಒಣ ಗಾಳಿಯಲ್ಲಿ ಬೆವರು ಬಂದ ಕ್ಷಣವೇ ಆರಿಹೋಗುವುದರಿಂದ ಬನಿಯನ್ ಒದ್ದೆಯಾಗುವುದಿಲ್ಲ, ಎಷ್ಟು ನೀರು ಕಳೆದುಕೊಂಡೆವು ಎಂಬುದೇ ತಿಳಿಯುವುದಿಲ್ಲ. ಹಣೆಯ ಮೇಲೆ, ಕ್ಯಾಪಿನ ಅಂಚಿನಲ್ಲಿ ಬಿಳಿ ಉಪ್ಪಿನ ಗೆರೆ ಕಂಡರೆ ಬಹಳಷ್ಟು ಬೆವರು ಹೋಗಿದೆ ಎಂದೇ ಅರ್ಥ.

“ಬಾಯಾರಿಕೆ ಆಗುವ ಮೊದಲೇ ಕುಡೀತಾ ಇರಿ, ನೀರು ಎಷ್ಟಾದರೂ ಒಳ್ಳೆಯದೇ”

ಮೇಲೆ ಹೇಳಿದ್ದನ್ನು ಓದಿ ಯಾರಾದರೂ ಲೀಟರ್‌ಗಟ್ಟಲೆ ನೀರು ಕುಡಿಯಲು ಹೊರಟರೆ ಅದೂ ಅಪಾಯವೇ. ಬೇಕಾದ್ದಕ್ಕಿಂತ ಹೆಚ್ಚು ನೀರು ಸೇರಿದರೆ ರಕ್ತದ ಸೋಡಿಯಂ ತೆಳುವಾಗಿ ಮಿದುಳು ಊದಿಕೊಳ್ಳುತ್ತದೆ. ತಲೆನೋವು, ವಾಂತಿ, ಗೊಂದಲ, ಮಿತಿಮೀರಿದರೆ ಫಿಟ್ಸ್. ನೋಡುವವರಿಗೆ ಇದು ನೀರಿನ ಕೊರತೆಯಂತೆಯೇ ಕಾಣುವುದರಿಂದ ಇನ್ನಷ್ಟು ಕುಡಿಸಿಬಿಡುತ್ತಾರೆ, ಸ್ಥಿತಿ ಕೈಮೀರುತ್ತದೆ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಮಂದಿಯ ರಕ್ತ ಪರೀಕ್ಷಿಸಿದಾಗ ಶೇ. 13 ಮಂದಿಯಲ್ಲಿ ಸೋಡಿಯಂ ಇಳಿದಿತ್ತು. ಮೂವರದ್ದು ಪ್ರಾಣಾಪಾಯದ ಮಟ್ಟದಲ್ಲಿತ್ತು. 2005ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಇದನ್ನು ಪ್ರಕಟಿಸಿತು. ಓಡಿ ಮುಗಿಸುವಷ್ಟರಲ್ಲಿ ತೂಕ ಏರಿದ್ದವರೇ ಮುಖ್ಯವಾಗಿ ಸಿಕ್ಕಿಬಿದ್ದವರು. ಕುಡಿದದ್ದು ಬರೀ ನೀರೋ ಸ್ಪೋರ್ಟ್ಸ್ ಡ್ರಿಂಕೋ ಎಂಬುದರಿಂದ ಹೆಚ್ಚು ವ್ಯತ್ಯಾಸವಾಗಲಿಲ್ಲ. ಬಣ್ಣದ ಬಾಟಲಿಗೆ ದುಡ್ಡು ಸುರಿಯುವವರಿಗೆ ಇದು ತಿಳಿದಿರಲಿ.

ಬಾಯಾರಿಕೆಯಾದಾಗ ಕುಡಿಯಿರಿ, ಬಾಯಾರಿದಾಗ ಕೈಯಲ್ಲಿ ನೀರು ಇರುವಂತೆ ನೋಡಿಕೊಳ್ಳಿ. ನಿಮ್ಮ ದೇಹದ ಲೆಕ್ಕ ತಿಳಿಯಬೇಕಿದ್ದರೆ ಬಿಸಿಲಿನಲ್ಲಿ ಒಂದು ಗಂಟೆ ಓಡಿ, ಮೊದಲು ಮತ್ತು ಆಮೇಲೆ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಹೆಚ್ಚುಕಡಿಮೆ ಒಂದು ಲೀಟರ್ ಬೆವರು ಹೋಗಿದೆ. ಉಪ್ಪು ಹಾಕಿದ ಮಜ್ಜಿಗೆ, ಹುರಿಗಡಲೆ, ಚಕ್ಕುಲಿ ಇವೆಲ್ಲ ದೀರ್ಘ ಓಟಕ್ಕೆ ಒಳ್ಳೆಯ ಸಂಗಾತಿಗಳು.

“ಬೆವರು ಬರ್ತಾ ಇದೆಯಲ್ಲ, ಹೀಟ್ ಸ್ಟ್ರೋಕ್ ಆಗಿರಲ್ಲ”

ಈ ಲೇಖನದಲ್ಲಿ ಒಂದೇ ಒಂದು ಭಾಗ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಮೈ ಒಣಗಿ ಬೆಂಕಿಯಾಗುವುದು ಹೆಚ್ಚಾಗಿ ಬಿಸಿಗಾಳಿಯ ದಿನಗಳಲ್ಲಿ ಮನೆಯಲ್ಲೇ ಬಳಲುವ ವಯಸ್ಸಾದವರಲ್ಲಿ. ಓಡುತ್ತಾ ಕುಸಿಯುವ ಯುವಕನ ಮೈ ಬೆವರಿನಿಂದ ತೊಯ್ದಿರುವುದು ಸಾಮಾನ್ಯ. ನೋಡಬೇಕಾದದ್ದು ನಡವಳಿಕೆಯನ್ನು. ಮಾತು ತೊದಲುತ್ತದೆ, ಹೆಜ್ಜೆ ತಡವರಿಸುತ್ತದೆ, ಸುಮ್ಮನೆ ಸಿಡುಕುತ್ತಾನೆ, ಇಂದು ಯಾವ ವಾರ ಎಂದರೆ ತಪ್ಪು ಹೇಳುತ್ತಾನೆ. ದೇಹದ ಒಳಗಿನ ಉಷ್ಣತೆ 40 ಡಿಗ್ರಿ ದಾಟಿದಾಗ ಮಿದುಳು ಕೊಡುವ ಸೂಚನೆಗಳಿವು.

ಇಲ್ಲಿ ಮಾಡುವ ದೊಡ್ಡ ತಪ್ಪು, ಮೊದಲು ಗಾಡಿ ಹುಡುಕುವುದು. ಮೊದಲು ತಣಿಸಬೇಕು, ಆಮೇಲೆ ಸಾಗಿಸಬೇಕು. ತೊಟ್ಟಿಯೋ ಡ್ರಮ್ಮೋ ಇದ್ದರೆ ಕುತ್ತಿಗೆಯವರೆಗೆ ತಣ್ಣೀರಿನಲ್ಲಿ ಕೂರಿಸಿ, ತಲೆ ಮುಳುಗದಂತೆ ಒಬ್ಬರು ಹಿಡಿದಿರಬೇಕು. ಕಣಿವೆಯಲ್ಲಿ ತೊಟ್ಟಿ ಎಲ್ಲಿಂದ ಬಂತು? ನೆರಳಿಗೆ ಎಳೆದುಕೊಳ್ಳಿ, ಬಟ್ಟೆ ಸಡಿಲಿಸಿ, ಎಲ್ಲರ ಬಾಟಲಿಯ ನೀರನ್ನೂ ಮೈಮೇಲೆ ಸುರಿಯಿರಿ, ಟೀ ಶರ್ಟ್ ಒದ್ದೆಮಾಡಿ ಹೊದಿಸಿ, ಕೈಗೆ ಸಿಕ್ಕಿದ್ದರಲ್ಲಿ ಜೋರಾಗಿ ಗಾಳಿ ಹಾಕಿ. ಒಣ ಹವೆಯಲ್ಲಿ ಈ ವಿಧಾನ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಈ ಮಧ್ಯೆ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಮೊದಲ ಅರ್ಧ ಗಂಟೆಯಲ್ಲಿ ಮೈ ತಣಿದರೆ ಬದುಕುವ ಸಾಧ್ಯತೆ ಬಹಳ ಹೆಚ್ಚು. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಪ್ಯಾರಾಸಿಟಮಾಲ್ ಕೊಡಬೇಡಿ, ಇದು ಸೋಂಕಿನ ಜ್ವರವಲ್ಲ, ಮಾತ್ರೆಗೆ ಇಳಿಯುವುದಿಲ್ಲ.

“ಆಕಾಶದಲ್ಲಿ ಮೋಡವೇ ಇಲ್ಲ, ಕಣಿವೆಯಲ್ಲಿ ನೀರು ಬರುವುದೆಲ್ಲಿಂದ?”

ಮೇಲಿನಿಂದ. 1997ರ ಆಗಸ್ಟ್ 12ರಂದು ಅರಿಜೋನಾದ ಆ್ಯಂಟಲೋಪ್ ಕ್ಯಾನ್ಯನ್‌ನಲ್ಲಿ 11 ಪ್ರವಾಸಿಗರು ಕೊಚ್ಚಿಹೋದರು. ಜೋರು ಮಳೆ ಸುರಿದದ್ದು ಮೈಲಿಗಳಾಚೆ, ಅವರು ನಿಂತಿದ್ದ ಕಡೆಯಲ್ಲ. ನಮಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಬನಶಂಕರಿಯಿಂದ ಕನಕಪುರ ರಸ್ತೆ ಹಿಡಿದರೆ ನೂರು ಕಿಲೋಮೀಟರ್ ಆಸುಪಾಸಿನಲ್ಲಿ ಸಂಗಮ. ನಂದಿಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿ ಅಲ್ಲಿ ಕಾವೇರಿಯನ್ನು ಸೇರುತ್ತದೆ. ಸ್ವಲ್ಪ ಕೆಳಗೆ ಮೇಕೆದಾಟಿನಲ್ಲಿ ಅಷ್ಟು ಅಗಲದ ಕಾವೇರಿ ಬಂಡೆಗಳ ನಡುವಿನ ಸಂದಿಗೆ ನುಗ್ಗುತ್ತದೆ. ಮರಳು, ಕಲ್ಲು ಸುಳಿಯಲ್ಲಿ ತಿರುಗಿ ತಿರುಗಿ ಬಂಡೆಯಲ್ಲಿ ಒರಳಿನಂಥ ಗುಂಡಿಗಳನ್ನು ಕೊರೆದಿವೆ. ಅಂಚುಗಳು ನುಣುಪಾಗಿ ಜಾರುತ್ತವೆ. ಕನಕಪುರದಲ್ಲಿ ಒಂದು ಹನಿ ಬೀಳದಿದ್ದರೂ ಕೊಡಗಿನಲ್ಲಿ, ವಯನಾಡಿನಲ್ಲಿ ಮಳೆಯಾಗಿ ಕೆ.ಆರ್.ಎಸ್., ಕಬಿನಿಗಳಿಂದ ನೀರು ಬಿಟ್ಟರೆ ಇಲ್ಲಿ ನದಿ ಏರುತ್ತದೆ. ಈ ಬಂಡೆಗಳಲ್ಲಿ ಜಾರಿ ಪ್ರಾಣ ಕಳೆದುಕೊಂಡವರು ಹಲವರು. ನದಿಪಾತ್ರದ ಬಂಡೆಗಳ ಮೇಲೆ ಓಡುವುದು ಬೇಡವೇ ಬೇಡ.

“ಕಾಡು ಎಲ್ಲರದ್ದೂ, ಓಡಲು ಯಾರ ಅಪ್ಪಣೆ?”

ಮೇಕೆದಾಟಿನ ಸುತ್ತಲಿನದು ಕಾವೇರಿ ವನ್ಯಜೀವಿಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಲ್ಲಿ ಅನುಮತಿಯಿಲ್ಲದೆ ಕಾಡಿನೊಳಗೆ ಕಾಲಿಡುವಂತಿಲ್ಲ. ಬನ್ನೇರುಘಟ್ಟದಿಂದ ಅಲ್ಲಿಯವರೆಗೂ ಆನೆಗಳ ಓಡಾಟವಿದೆ. ರಾಮನಗರ, ಹಂಪಿ ಸೀಮೆಯ ಬಂಡೆಗಳಲ್ಲಿ ಕರಡಿಗಳಿವೆ. ಅವು ಹೊರಬೀಳುವುದು ನಾವು ಓಡಲು ಇಷ್ಟಪಡುವ ನಸುಕು, ಮುಸ್ಸಂಜೆಯ ಹೊತ್ತಿಗೇ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ತಿರುವಿನಲ್ಲಿ ಕರಡಿಯ ಮೇಲೆ ಹೋಗಿ ಬಿದ್ದರೆ ತಪ್ಪು ಕರಡಿಯದ್ದಲ್ಲ. 2021ರಲ್ಲಿ ತುರಹಳ್ಳಿಯಲ್ಲಿ ಟ್ರೀ ಪಾರ್ಕ್ ಮಾಡಲು ಹೊರಟಾಗ ಕಾಡು ಕಾಡಾಗಿಯೇ ಇರಲಿ ಎಂದು ಬೀದಿಗಿಳಿದವರಲ್ಲಿ ಸುತ್ತಲಿನ ಬಡಾವಣೆಯವರು ಬಹಳ ಮಂದಿ ಇದ್ದರು. ಆ ಕಾಳಜಿಯನ್ನು ದೂರದ ಕಾಡುಗಳಿಗೂ ಒಯ್ಯಬೇಕು.

ಇನ್ನೆರಡು ಚಿಕ್ಕ ಮಾತು. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಕು, ಕೊಯ್ದು ರಕ್ತ ಹೀರಬೇಕು ಎನ್ನುವುದು ತಪ್ಪು. ಕಾಲನ್ನು ಅಲುಗಿಸದೆ, ಓಡಿಸದೆ, ಪ್ರತಿವಿಷ ಇರುವ ಆಸ್ಪತ್ರೆಗೆ ಸೇರಿಸುವುದೊಂದೇ ದಾರಿ. ಓಡಿದರೆ ಮಂಡಿ ಸವೆಯುತ್ತದೆ ಎಂದು ಮನೆಯ ಹಿರಿಯರು ಹೆದರಿಸುತ್ತಾರಲ್ಲ, ಅದಕ್ಕೂ ಆಧಾರವಿಲ್ಲ: ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2017ರ ವರದಿಯಲ್ಲಿ ಹವ್ಯಾಸಿ ಓಟಗಾರರಲ್ಲಿ ಸೊಂಟ, ಮಂಡಿಯ ಸಂಧಿವಾತ ಶೇ. 3.5 ಇದ್ದರೆ, ಓಡದೆ ಕೂತವರಲ್ಲಿ ಶೇ. 10ಕ್ಕೂ ಹೆಚ್ಚಿತ್ತು.

ಏಪ್ರಿಲ್–ಮೇ ರಜೆಗೆ ಗಂಡಿಕೋಟಕ್ಕೋ ಬಾದಾಮಿಗೋ ಓಡಲು ಹೋಗುವ ಯೋಚನೆಯಿದ್ದರೆ ದಯವಿಟ್ಟು ಅದನ್ನು ಡಿಸೆಂಬರ್–ಜನವರಿಗೆ ಮುಂದೂಡಿ. ಆಗಲೂ ಒಬ್ಬರೇ ಹೋಗಬೇಡಿ. ಯಾವ ಹಾದಿ, ಎಷ್ಟು ಹೊತ್ತಿಗೆ ವಾಪಸು ಎಂಬುದನ್ನು ಚೀಟಿಯಲ್ಲಿ ಬರೆದು ಮನೆಯವರ ಕೈಗೆ ಕೊಟ್ಟು ಹೊರಡಿ; ಕಮರಿಯ ತಳದಲ್ಲಿ ಮೊಬೈಲ್ ಸಿಗ್ನಲ್ ಸಿಗುವ ಭರವಸೆಯಿಲ್ಲ.