ಗಾಡಿಯ ಹಾಡಿಗೆ ಎಷ್ಟು ಬ್ಯಾಟರಿ ಬೇಕು?



ಹಾವೇರಿ ಜಿಲ್ಲೆಯ ರಸ್ತೆಗಳಲ್ಲಿ ಹಾಡಿಲ್ಲದ ಗಾಡಿ ಅಪರೂಪ. ಬ್ಯಾಡಗಿಯ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಹೇರಿಕೊಂಡು ಬರುವ ಟ್ರ್ಯಾಕ್ಟರ್, ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದ ಜಾತ್ರೆಗೆ ಹೊರಟ ಟೆಂಪೊ, ದೀಪಾವಳಿಯ ಹೋರಿ ಹಬ್ಬಕ್ಕೆ ಜನರನ್ನು ಕರೆದೊಯ್ಯುವ ವಾಹನ, ಹಾವೇರಿ ಬದಿಯ ಹೆದ್ದಾರಿಯಲ್ಲಿ ಸಾಗುವ ಲಾರಿ, ಎಲ್ಲದರಲ್ಲಿಯೂ ಸ್ಪೀಕರ್ ಇರುತ್ತದೆ. ಇಂಜಿನ್ ನಿಲ್ಲಿಸಿ ರಾತ್ರಿಯೆಲ್ಲ ಹಾಡು ಕೇಳಿದರೆ ಬೆಳಿಗ್ಗೆ ಸೆಲ್ಫ್ ತಿರುಗುವುದಿಲ್ಲ. ಮೆಣಸಿನಕಾಯಿ ಟೆಂಡರಿನ ಹೊತ್ತಿಗೆ ಮಾರುಕಟ್ಟೆ ಮುಟ್ಟದಿದ್ದರೆ ಆ ದಿನದ ವ್ಯಾಪಾರ ತಪ್ಪುತ್ತದೆ.

ಆಗ ಕೇಳಿಬರುವ ಸಲಹೆ ಸಾಮಾನ್ಯವಾಗಿ ಒಂದೇ: “ಇನ್ನೊಂದು ಬ್ಯಾಟರಿ ಹಾಕಿಸಿಬಿಡು.” ಈ ಸಲಹೆ ಎಷ್ಟರಮಟ್ಟಿಗೆ ಸರಿ? ಶಾಲೆಯಲ್ಲಿ ಕಲಿತ ಓಮನ ನಿಯಮವನ್ನು ಜೊತೆಗಿಟ್ಟುಕೊಂಡು ಪರಿಶೀಲಿಸೋಣ.

ಮೂರು ಅಳತೆಗಳು

1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿಯನ್ನು ರಚಿಸಿದನು. ಇಂದಿಗೂ ಬಹುಪಾಲು ವಾಹನಗಳಲ್ಲಿರುವುದು ಅದರ ಸಂತತಿಯೇ. ಇದರ ಒಂದು ಕೋಶ ಸುಮಾರು 2.1 ವೋಲ್ಟ್ ನೀಡುತ್ತದೆ. ಇಂಥ ಆರು ಕೋಶಗಳು ಒಂದರ ಹಿಂದೊಂದು ಸೇರಿದಾಗ ನಾವು “12 ವೋಲ್ಟ್” ಎನ್ನುವ ಬ್ಯಾಟರಿ ಸಿದ್ಧವಾಗುತ್ತದೆ. ಪೂರ್ತಿ ಚಾರ್ಜಾಗಿ ವಿಶ್ರಾಂತಿಯಲ್ಲಿರುವಾಗ ಅದು ತೋರಿಸುವುದು ಸುಮಾರು 12.6 ವೋಲ್ಟ್. 12 ವೋಲ್ಟಿಗಿಂತ ಕೆಳಗಿಳಿದಿದ್ದರೆ ಅದು ಬಹುತೇಕ ಬರಿದಾಗಿದೆ ಎಂದರ್ಥ.

ವೋಲ್ಟ್ ಎಂಬುದು ವಿದ್ಯುತ್ತನ್ನು ತಳ್ಳುವ ಒತ್ತಡ. ಆಂಪಿಯರ್ ಎಂಬುದು ಹರಿಯುವ ಪ್ರವಾಹ. ಆಂಪಿಯರ್-ಗಂಟೆ ಎಂಬುದು ಬ್ಯಾಟರಿಯೊಳಗಿನ ದಾಸ್ತಾನು. ಈ ಮೂರನ್ನು ಒಂದೇ ಎಂದು ತಿಳಿಯುವುದರಿಂದಲೇ ಹೆಚ್ಚಿನ ತೊಂದರೆಗಳು ಹುಟ್ಟುತ್ತವೆ.

ಹಾಡಿನ ಲೆಕ್ಕ

ಡಬ್ಬಿಯ ಮೇಲೆ “1000 ವ್ಯಾಟ್” ಎಂದು ಅಚ್ಚಾಗಿದ್ದರೆ ನಂಬುವ ಮೊದಲು ಹಿಂಭಾಗದ ಫ್ಯೂಜು ನೋಡಿ. ಅದು 10 ಆಂಪಿಯರಿನದಾಗಿದ್ದರೆ ಆ ಉಪಕರಣ ಬ್ಯಾಟರಿಯಿಂದ ಎಡೆಬಿಡದೆ ಎಳೆಯಬಲ್ಲದ್ದು 12 × 10, ಅಂದರೆ 120 ವ್ಯಾಟಿನ ಆಸುಪಾಸು. ಅದರಲ್ಲಿಯೂ ಒಂದು ಪಾಲು ಶಾಖವಾಗಿ ಹೋಗುತ್ತದೆ. ದೊಡ್ಡ ಸಂಖ್ಯೆ ಕ್ಷಣಮಾತ್ರದ ಉಬ್ಬನ್ನು ಹೇಳುತ್ತದೆಯೇ ಹೊರತು ನಿತ್ಯದ ಬಳಕೆಯನ್ನಲ್ಲ.

ಈಗ ಒಂದು ಆಂಪ್ಲಿಫೈಯರ್ ಸತತವಾಗಿ 20 ಆಂಪಿಯರ್ ಎಳೆಯುತ್ತದೆ, ಗಾಡಿಯಲ್ಲಿ 60 ಆಂಪಿಯರ್-ಗಂಟೆಯ ಬ್ಯಾಟರಿ ಇದೆ ಎಂದಿಟ್ಟುಕೊಳ್ಳೋಣ. ಭಾಗಾಕಾರ ಮಾಡಿದರೆ 3 ಗಂಟೆ ಬರುತ್ತದೆ. ಆದರೆ 60 ಎಂಬ ಅಂಕಿ ಸಾಮಾನ್ಯವಾಗಿ 20 ಗಂಟೆಗಳ ಕಾಲ ನಿಧಾನವಾಗಿ, 3 ಆಂಪಿಯರಿನಂತೆ, ಬಳಸಿದಾಗಿನದು. ಅವಸರದಿಂದ ಎಳೆದರೆ ಸಿಗುವುದು ಕಡಿಮೆ. ಜೊತೆಗೆ ಇಂಜಿನ್ ಹೊರಡಿಸಲು ಅರ್ಧದಷ್ಟಾದರೂ ಉಳಿದಿರಬೇಕು. ಹೀಗಾಗಿ ಇಂಜಿನ್ ನಿಲ್ಲಿಸಿ ನೆಮ್ಮದಿಯಿಂದ ಹಾಡು ಕೇಳಬಹುದಾದ ಕಾಲ ಸುಮಾರು ಒಂದು ಗಂಟೆ ಮಾತ್ರ.

ತುಂಬುವವರು ಯಾರು?

ಬ್ಯಾಟರಿ ವಿದ್ಯುತ್ತನ್ನು ಹುಟ್ಟುಹಾಕುವುದಿಲ್ಲ, ಕೂಡಿಡುತ್ತದೆ. ಓಡುವ ಗಾಡಿಯಲ್ಲಿ ಅದನ್ನು ತುಂಬುವುದು ಆಲ್ಟರ್ನೇಟರ್. ನಮ್ಮ ಕಡೆಯ ಮೆಕ್ಯಾನಿಕ್‌ಗಳು ಇದನ್ನು ಇಂದಿಗೂ ಡೈನಮೋ ಎನ್ನುವುದುಂಟು. ಅದು 35 ಆಂಪಿಯರ್ ಕೊಡುತ್ತದೆ ಎನ್ನಿ. 60 ವ್ಯಾಟಿನ ಎರಡು ಹೆಡ್‌ಲೈಟಿಗೆ 10, ಉಳಿದ ಸಣ್ಣಪುಟ್ಟ ಕೆಲಸಕ್ಕೆ 3, ಹಾಡಿಗೆ 20. ಒಟ್ಟು 33 ಆಂಪಿಯರ್ ಖರ್ಚು. ಬ್ಯಾಟರಿಗೆ ಉಳಿಯುವುದು ಕೇವಲ 2 ಆಂಪಿಯರ್. ಹಿಂದಿನ ರಾತ್ರಿ 30 ಆಂಪಿಯರ್-ಗಂಟೆ ಖರ್ಚಾಗಿದ್ದರೆ ಅದನ್ನು ತುಂಬಲು 15 ಗಂಟೆಗೂ ಹೆಚ್ಚು ಓಡಿಸಬೇಕು!

ಎರಡನೆಯ ಬ್ಯಾಟರಿ ತಂದರೂ ಅದನ್ನು ತುಂಬಬೇಕಾದದ್ದು ಇದೇ ಆಲ್ಟರ್ನೇಟರ್. ಕೆರೆಗೆ ಬರುವ ನೀರು ಹೆಚ್ಚದೆ ಕೆರೆಯನ್ನಷ್ಟೇ ದೊಡ್ಡದು ಮಾಡಿದಂತೆ ಇದು. ಆದುದರಿಂದ ಮೊದಲ ಪ್ರಶ್ನೆ “ಎಷ್ಟು ಬ್ಯಾಟರಿ?” ಎಂಬುದಲ್ಲ, “ದಿನಕ್ಕೆ ಎಷ್ಟು ತುಂಬುತ್ತದೆ, ಎಷ್ಟು ಖರ್ಚಾಗುತ್ತದೆ?” ಎಂಬುದು.

ಜೋಡಿಸುವ ಎರಡು ಬಗೆ

ಎರಡು ಬ್ಯಾಟರಿಗಳು ನಿಜವಾಗಿಯೂ ಬೇಕೆಂದಾದಾಗ ಜೋಡಿಸುವ ಬಗೆ ಮುಖ್ಯವಾಗುತ್ತದೆ. 12 ವೋಲ್ಟ್, 80 ಆಂಪಿಯರ್-ಗಂಟೆಯ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಸೇರಿಸಿದರೆ, ಅಂದರೆ ಒಂದರ ಧನ ತುದಿಗೆ ಇನ್ನೊಂದರ ಋಣ ತುದಿಯನ್ನು ಕೂಡಿಸಿದರೆ, 24 ವೋಲ್ಟ್ ಆಗುತ್ತದೆ. ದಾಸ್ತಾನು 80 ಆಗಿಯೇ ಉಳಿಯುತ್ತದೆ. ಸಮಾಂತರವಾಗಿ, ಅಂದರೆ ಧನಕ್ಕೆ ಧನ, ಋಣಕ್ಕೆ ಋಣ ಸೇರಿಸಿದರೆ 12 ವೋಲ್ಟ್ ಹಾಗೆಯೇ ಉಳಿದು ದಾಸ್ತಾನು 160 ಆಗುತ್ತದೆ. ಎರಡರಲ್ಲೂ ಒಟ್ಟು ಶಕ್ತಿ 1920 ವ್ಯಾಟ್-ಗಂಟೆ. ಜೋಡಣೆ ಬದಲಾದ ಮಾತ್ರಕ್ಕೆ ಶಕ್ತಿ ಹೆಚ್ಚುವುದಿಲ್ಲ. ಕಾರು ಮತ್ತು ಟ್ರ್ಯಾಕ್ಟರಿನ ಹಾಡಿಗೆ ಬೇಕಾದುದು ಸಮಾಂತರ ಜೋಡಣೆ.

ದೊಡ್ಡ ಲಾರಿಗಳಲ್ಲಿ ಸಾಮಾನ್ಯವಾಗಿ ಎರಡು ಬ್ಯಾಟರಿಗಳು ಸರಣಿಯಲ್ಲಿದ್ದು 24 ವೋಲ್ಟ್ ನೀಡುತ್ತವೆ. 12 ವೋಲ್ಟಿನ ಟೇಪನ್ನು ಇದಕ್ಕೆ ನೇರವಾಗಿ ಕೊಟ್ಟರೆ ಅದು ಸುಟ್ಟುಹೋಗುತ್ತದೆ. ಅದಕ್ಕಾಗಿ ಕೆಲವರು ಎರಡರಲ್ಲಿ ಒಂದು ಬ್ಯಾಟರಿಯಿಂದ ಮಾತ್ರ ತಂತಿ ಎಳೆಯುತ್ತಾರೆ. ಹಾಡು ಬರುತ್ತದೆ, ನಿಜ. ಆದರೆ ಆ ಬ್ಯಾಟರಿ ದಿನದಿನಕ್ಕೆ ಬರಿದಾಗುತ್ತದೆ, ಜೊತೆಯದು ಅಗತ್ಯಕ್ಕಿಂತ ಹೆಚ್ಚು ಚಾರ್ಜಾಗಿ ನೀರು ಕುದಿದು ಆರುತ್ತದೆ. ಕೊನೆಗೆ ಎರಡೂ ಕೆಡುತ್ತವೆ. ಇಲ್ಲಿ ಬೇಕಾದುದು 24 ವೋಲ್ಟನ್ನು 12ಕ್ಕೆ ಇಳಿಸುವ ಪರಿವರ್ತಕ.

ಹಳೆಯದಕ್ಕೆ ಹೊಸದನ್ನು ಕಟ್ಟಬಾರದೇಕೆ?

ಸವೆದ ಬ್ಯಾಟರಿಯ ಒಳರೋಧ ಹೆಚ್ಚು, ವೋಲ್ಟ್ ಕಡಿಮೆ. ಅದರ ಪಕ್ಕಕ್ಕೆ ಹೊಸದನ್ನು ಸಮಾಂತರವಾಗಿ ಸೇರಿಸಿದರೆ ಹೊಸದರಿಂದ ಹಳೆಯದಕ್ಕೆ ಪ್ರವಾಹ ಹರಿಯತೊಡಗುತ್ತದೆ. ಹಾಡು ನಿಂತಿದ್ದರೂ ಈ ಸೋರಿಕೆ ನಿಲ್ಲದು. ಹಳೆಯದರ ಒಂದು ಕೋಶ ಪೂರ್ತಿ ಕೆಟ್ಟಿದ್ದರೆ ಅದು ಕಾಯ್ದು ಅಪಾಯಕ್ಕೂ ದಾರಿಯಾಗುತ್ತದೆ. ಆದ್ದರಿಂದ ಒಂದೇ ಜಾತಿ, ಒಂದೇ ಅಳತೆ, ಒಂದೇ ವಯಸ್ಸಿನ ಜೋಡಿಯನ್ನು ಆರಿಸಿ, ಎರಡನ್ನೂ ಪೂರ್ತಿ ಚಾರ್ಜು ಮಾಡಿದ ನಂತರವೇ ಸೇರಿಸಬೇಕು. ಸೀಸದ ಬ್ಯಾಟರಿಗೆ ಲಿಥಿಯಮ್ ಬ್ಯಾಟರಿಯನ್ನು ನೇರವಾಗಿ ಕಟ್ಟಲೇಬಾರದು. ಅವುಗಳ ಚಾರ್ಜಿನ ರೀತಿಯೇ ಬೇರೆ.

ಇನ್ನೊಂದು ಮಾತು. ಇಂಜಿನ್ ಹೊರಡಿಸುವ ಬ್ಯಾಟರಿಯಲ್ಲಿ ತೆಳುವಾದ ಹಲವು ಫಲಕಗಳಿರುತ್ತವೆ. ಅದು ಕೆಲವೇ ಕ್ಷಣ ನೂರಾರು ಆಂಪಿಯರ್ ಕೊಡಬಲ್ಲದು, ಆದರೆ ಪದೇ ಪದೇ ಬರಿದಾದರೆ ಬೇಗ ಸಾಯುತ್ತದೆ. ದಪ್ಪ ಫಲಕದ ಬ್ಯಾಟರಿ ನಿಧಾನವಾಗಿ, ಹೆಚ್ಚು ಹೊತ್ತು ದುಡಿಯುತ್ತದೆ. ಹಾಡಿಗೆ ಇಂಥದನ್ನು ಬೇರೆಯಾಗಿಟ್ಟು, ಇಂಜಿನ್ ಓಡುವಾಗ ಮಾತ್ರ ಎರಡನ್ನೂ ಕೂಡಿಸುವ ರಿಲೇ ಹಾಕಿಸುವುದು ಜಾಣತನ. ಆಗ ರಾತ್ರಿ ಹಾಡಿನ ಬ್ಯಾಟರಿ ಬರಿದಾದರೂ ಬೆಳಿಗ್ಗೆ ಸೆಲ್ಫ್ ತಿರುಗುತ್ತದೆ.

ತಂತಿ ಮತ್ತು ಫ್ಯೂಜು

ಬ್ಯಾಟರಿ ಸರಿಯಿದ್ದರೂ ತಂತಿ ತೆಳುವಾಗಿದ್ದರೆ ಪ್ರಯೋಜನವಿಲ್ಲ. ಆಂಪ್ಲಿಫೈಯರ್ 5 ಮೀಟರ್ ದೂರದಲ್ಲಿದ್ದರೆ ಹೋಗಿ ಬರುವ ತಂತಿ 10 ಮೀಟರ್. 1.5 ಚದರ ಮಿಲಿಮೀಟರಿನ ತಾಮ್ರದ ತಂತಿಯಾದರೆ ಅದರ ರೋಧ ಸುಮಾರು 0.12 ಓಮ್. 20 ಆಂಪಿಯರ್ ಹರಿದರೆ 2.4 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. 48 ವ್ಯಾಟ್ ಶಾಖವಾಗಿ ತಂತಿಯನ್ನು ಬಿಸಿ ಮಾಡುತ್ತದೆ. 10 ಚದರ ಮಿಲಿಮೀಟರಿನ ತಂತಿಯಲ್ಲಿ ನಷ್ಟ 0.4 ವೋಲ್ಟಿಗಿಂತ ಕಡಿಮೆ.

ಫ್ಯೂಜನ್ನು ಧನ ತಂತಿಯಲ್ಲಿ, ಬ್ಯಾಟರಿಯಿಂದ ಗೇಣು ದೂರದೊಳಗೆ ಹಾಕಬೇಕು. ಎರಡು ಬ್ಯಾಟರಿಗಳಿದ್ದರೆ ಎರಡಕ್ಕೂ ಬೇಕು. ತಂತಿ ಎಲ್ಲಿಯಾದರೂ ಉಜ್ಜಿ ಕಬ್ಬಿಣಕ್ಕೆ ತಾಗಿದಾಗ ಬೆಂಕಿ ತಪ್ಪಿಸುವುದು ಈ ಸಣ್ಣ ತುಣುಕೇ. ಅದು ಹಾರಿಹೋದಾಗ ತಾಮ್ರದ ಎಳೆ ಸುತ್ತಿ ಕೆಲಸ ಸಾಗಿಸುವುದು ಅಪಾಯಕ್ಕೆ ಆಹ್ವಾನ.

ಕೆಲವು ಎಚ್ಚರಿಕೆಗಳು

ಚಾರ್ಜಾಗುವಾಗ ಬ್ಯಾಟರಿಯಿಂದ ಜಲಜನಕ ಹೊರಬರುತ್ತದೆ. ಬಳಿಯಲ್ಲಿ ಬೀಡಿ, ಬೆಂಕಿಕಡ್ಡಿ ಬೇಡ. ಮುಚ್ಚಳ ತೆಗೆಯುವ ಬ್ಯಾಟರಿಗೆ ಬೇಸಿಗೆಯಲ್ಲಿ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು, ಬೋರಿನ ನೀರಲ್ಲ. ಬಿಚ್ಚುವಾಗ ಋಣ ತುದಿಯನ್ನು ಮೊದಲು ಬಿಚ್ಚಿ, ಕೂಡಿಸುವಾಗ ಕೊನೆಗೆ ಕೂಡಿಸಿ. ಆಮ್ಲ ಕಣ್ಣಿಗೆ ಸಿಡಿದರೆ ಧಾರಾಳವಾಗಿ ನೀರಿನಿಂದ ತೊಳೆದು ಕೂಡಲೇ ವೈದ್ಯರಲ್ಲಿಗೆ ಹೋಗಬೇಕು. ಸೀಸ ವಿಷ, ಹಳೆಯ ಬ್ಯಾಟರಿಯನ್ನು ಒಡೆಯದೆ ಮಾರಿದ ಅಂಗಡಿಗೇ ಹಿಂದಿರುಗಿಸಿದರೆ ಬೆಲೆಯಲ್ಲಿ ಸ್ವಲ್ಪ ಕಡಿತವೂ ಸಿಗುತ್ತದೆ. ಸಾರ್ವಜನಿಕ ಸ್ಥಳಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವುದನ್ನು 2000ದ ಶಬ್ದಮಾಲಿನ್ಯ ನಿಯಮಗಳು ನಿರ್ಬಂಧಿಸಿವೆ ಎಂಬುದೂ ನೆನಪಿರಲಿ.

ನೀವೇ ಲೆಕ್ಕ ಮಾಡಿ

ನಿಮ್ಮ ಮನೆಯ ಅಥವಾ ನೆರೆಯವರ ಗಾಡಿಯ ಬ್ಯಾಟರಿಯ ಮೇಲೆ ಬರೆದಿರುವ ಆಂಪಿಯರ್-ಗಂಟೆಯನ್ನು ಗುರುತು ಹಾಕಿಕೊಳ್ಳಿ. ಹಾಡಿನ ಉಪಕರಣದ ಫ್ಯೂಜಿನ ಅಂಕಿಯನ್ನು ನೋಡಿ. ಬ್ಯಾಟರಿಯ ಅರ್ಧ ದಾಸ್ತಾನನ್ನು ಆ ಅಂಕಿಯಿಂದ ಭಾಗಿಸಿ. ಫ್ಯೂಜಿನ ಅಂಕಿ ಗರಿಷ್ಠ ಮಿತಿಯಾದ್ದರಿಂದ ಮೆಲ್ಲನೆಯ ಹಾಡಿಗೆ ಇದಕ್ಕಿಂತ ಹೆಚ್ಚು ಕಾಲ ಸಿಗಬಹುದು. ಬ್ಯಾಟರಿ ಹಳೆಯದಾಗಿದ್ದರೆ ಕಡಿಮೆಯೂ ಆಗಬಹುದು. ಆದರೂ ಇಂಜಿನ್ ನಿಲ್ಲಿಸಿ ಎಷ್ಟು ಹೊತ್ತು ಹಾಡು ಹಾಕಬಹುದೆಂಬ ಅಂದಾಜು ನಿಮ್ಮ ಕೈಗೆ ಬರುತ್ತದೆ. ಹೊಸ ಬ್ಯಾಟರಿಗೆ ಹಣ ಎಣಿಸುವ ಮೊದಲು ಈ ಒಂದು ಭಾಗಾಕಾರವನ್ನು ಮನೆಯ ಹಿರಿಯರಿಗೆ ತೋರಿಸಿ.